ಕೆಂಪು ಬಟ್ಟೆಗೆ ಬೀಗ ಹಾಕಿದ ಮನಿಷಾ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಾರವಾರದ ಮೀನುಗಾರರ ಸಂಘದ ಕಚೇರಿಯಲ್ಲಿ ಮನಿಷಾ ಹರಿಕಂತ್ರ ಫ್ಯಾಕ್ಸಿನಲ್ಲಿ ಬಂದ ಹವಾಮಾನದ ಸೂಚನೆ ಓದುತ್ತಾರೆ. ಕಂಪ್ಯೂಟರಿಗೆ ಪಾಸ್‌ವರ್ಡ್ ಕೊಟ್ಟು, ಸಂಘದ ವೆಬ್‌ಪುಟದಲ್ಲಿ ‘ಬಿರುಗಾಳಿ, ಕಡಲಿಗೆ ಇಳಿಯಬೇಡಿ’ ಎಂದು ಬರೆಯುತ್ತಾರೆ. ದೇವಬಾಗ, ಅವರ್ಸಾದ ಫೋನ್ ಬೂತಿನವರು ತಮ್ಮ ಕಂಪ್ಯೂಟರಿನಲ್ಲಿ ಇದನ್ನು ನೋಡಿಯೇ ದಡದ ಕಂಬಕ್ಕೆ ಕೆಂಪು ಬಟ್ಟೆ ಏರಿಸುವುದು.

ಸ್ವಲ್ಪ ಹೊತ್ತಿಗೆ ಫೋನ್ ಬಡಿದುಕೊಳ್ಳುತ್ತದೆ. ಅವರ್ಸಾದ ಮನೆಯಿಂದ ಅಣ್ಣ ಕೇಶವ, ಸ್ವಂತ ದೋಣಿಯವರು.

“ಸಮುದ್ರ ತಣ್ಣಗೆ ಬಿದ್ಕಂಡದೆ. ಬಂಗಡೆ ಬಂದದೆ. ಒಂದು ತಾಸು ಆ ಸೂಚನೆ ತೆಗಿಯೇ!”

“ಆಗೂದಿಲ್ಲ ದಾದಾ. ಚಾ ಕುಡ್ದು ಸುಮ್ನೆ ಮಲಗು.”

ಆ ಕಡೆಯಿಂದ ಫೋನ್ ಕುಕ್ಕಿದ ಸದ್ದು. ಮನಿಷಾ ನಕ್ಕು ಕೆಲಸಕ್ಕೆ ತಿರುಗುತ್ತಾರೆ.

ಮೀನು ಮಾರುವ ಗಂಗೂ ಅವರ ಮಗಳು ಈಕೆ. ಪಿಯುಸಿ ಮುಗಿಸಿ, ಟೈಪಿಂಗ್ ಕಲಿತು, ವೆಬ್‌ಪುಟ ನೋಡಿಕೊಳ್ಳುವ ಕೆಲಸಕ್ಕೆ ಸಂಘ ಸೇರಿದವರು. ಆಗ ವೆಬ್‌ಪುಟದ ಒಳಕೋಣೆಗೆ, ಅಂದರೆ ಬರೆಯುವ ಅಳಿಸುವ ಜಾಗಕ್ಕೆ, ಬಾಗಿಲೇ ಇರಲಿಲ್ಲ. ವಿಳಾಸ ಗೊತ್ತಿದ್ದವರೆಲ್ಲ ಒಳಗೆ ಹೋಗಬಹುದಿತ್ತು. 2005ರ ಆಗಸ್ಟಿನ ಒಂದು ಬೆಳಗ್ಗೆ ಯಾರೋ ಹಾಗೇ ಹೋಗಿ, ತಿಳಿಯದೆ ಏನನ್ನೋ ಒತ್ತಿದರು; ಬಿರುಗಾಳಿಯ ಸೂಚನೆ ಅಳಿಸಿಹೋಯಿತು. ಅವರ್ಸಾದಲ್ಲಿ ಕೆಂಪು ಬಟ್ಟೆ ಏರಲಿಲ್ಲ. ಕೇಶವ ದೋಣಿ ಇಳಿಸಿದರು.

ದೀಪ ಹಚ್ಚುವ ಹೊತ್ತಿನವರೆಗೂ ತಾಯಿ ಗಂಗೂ ಮರಳಿನ ಮೇಲೆ ಕೂತಿದ್ದರು. ದೋಣಿಯೇನೋ ಬಂತು. ಬಲೆ ಸಮುದ್ರದ ಪಾಲಾಗಿತ್ತು, ಜತೆಗಾರ ಜಟ್ಟಪ್ಪನ ಕೈ ಮುರಿದಿತ್ತು. “ಆಯಿ ನಂಗೆ ಬೈಲೇ ಇಲ್ಲ. ಬೈದಿದ್ರೆ ಚೊಲೋ ಇತ್ತು” ಎನ್ನುತ್ತಾರೆ ಮನಿಷಾ.

ಪುಟ ಮಾಡಿಕೊಟ್ಟವನು ಫೋನಿಗೆ ಸಿಗಲಿಲ್ಲ. ಸಂಜೆ ಮನೆಗೆ ಹೋಗುವ ಮುಂಚೆ ಕಾರವಾರದ ಸೈಬರ್ ಕೆಫೆಯಲ್ಲಿ ನಿಘಂಟು ಹಿಡಿದು ಕೂತು, ಮನಿಷಾ ತಾವೇ ಪಾಸ್‌ವರ್ಡಿನ ಬೀಗ ಹಾಕುವ ದಾರಿ ಹುಡುಕಿದರು. ಮೊದಲ ಸಲ ಬೀಗ ಇಡೀ ಪುಟಕ್ಕೇ ಬಿತ್ತು; ಓದಲು ಬಂದವರೂ ಹೊರಗೇ ಉಳಿದು ಎಲ್ಲ ಕಡೆಯಿಂದ ಬೈಗುಳ. ಬಿಚ್ಚಿ ಮತ್ತೆ ಒಳಕೋಣೆಗೆ ಮಾತ್ರ ಹಾಕಿದರು.

ಮುಗಿಯಿತು ಅಂದುಕೊಂಡರೆ ಮಾರನೇ ದಿನ ಆ ಪಾಸ್‌ವರ್ಡ್ ಮೀನಿನ ದರದ ಹಲಗೆಯ ಮೇಲೆ! ಬಂಗಡೆ, ತಾರ್ಲೆಗಳ ಕೆಳಗೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಿದ್ದರು, ಸಂಘದ ಕಾರ್ಯದರ್ಶಿ ಮಧುಕರ. ತಮ್ಮ ಮನೆ ಬಾವಿಯ ಹಗ್ಗವನ್ನು ಎಂದೂ ಒಳಗಿಡದ ಮನುಷ್ಯ. ಬೇಕಾದವರಿಗೆ ಸಿಗಲಿ ಎನ್ನುವುದು ಅವರ ಲೆಕ್ಕ.

ಮನಿಷಾ ಜಗಳಕ್ಕೆ ನಿಲ್ಲಲಿಲ್ಲ. ಹಲಗೆ ಒರೆಸಿ, ಪಾಸ್‌ವರ್ಡ್ ಬದಲಿಸಿ, ಇಷ್ಟೇ ಹೇಳಿದರು: “ಮಧುಕರಣ್ಣ, ಬಾವಿ ನೀರು ಯಾರು ಬೇಕಾದ್ರೂ ಸೇದ್ಲಿ. ಬಾವಿ ಮುಚ್ಚೂಕೆ ಯಾರಿಗಾದ್ರೂ ಬಿಡ್ತ್ರಾ?”

ಮಧುಕರ ಈಗ ಅದನ್ನು ತಮ್ಮದೇ ಮಾತೆಂಬಂತೆ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾರೆ. ಮೀನು ಬಂದ ದಿನ ದೋಣಿಯವರು ಸಿಟ್ಟಾಗುತ್ತಾರೆ, ಗೋಗರೆಯುತ್ತಾರೆ. ಆದರೆ ಆ ಆಗಸ್ಟಿನ ನಂತರ ಒಂದು ಸೂಚನೆಯೂ ಹಾಗೆ ಅಳಿಸಿಹೋಗಿಲ್ಲ. ಹೊಗಳಲೇಬೇಕಾದ ಕೆಲಸ ಇದು.

ಮಧ್ಯಾಹ್ನ ಗಾಳಿ ಎದ್ದು ಕಚೇರಿಯ ಕಿಟಕಿಗಳು ದಡಬಡಿಸುತ್ತವೆ. ಅಣ್ಣ ಇನ್ನೂ ಮುನಿಸಿಕೊಂಡಿರಬಹುದೇ ಎಂದು ಕೇಳಿದರೆ ಮನಿಷಾ ಚಿಲಕ ಹಾಕುತ್ತಾ ಹೇಳುತ್ತಾರೆ:

“ರಾತ್ರಿ ಊಟಕ್ಕೆ ಕೂತಾಗ ಬೈತಾನೆ. ಬೈಲಿ ಬಿಡಿ. ಬೈಯೂಕೆ ಮನೇಲಿ ಇರ್ತಾನಲ್ಲ, ಅಷ್ಟೇ ಸಾಕು.”