ಮೊದಲು ಹತ್ತಿದ ಹೂವು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಎಲೆಕ್ಟ್ರಿಕ್ ಗೂಡ್ಸ್ ಆಟೊ ಹಸಿರು ಬಣ್ಣದ್ದೆಂದು ನನ್ನ ನೆನಪು; ಅಮ್ಮ ಬಿಳಿ ಎನ್ನುತ್ತಾಳೆ. ಎಂ.ಎ.ಯಲ್ಲಿ ನಗರ ಸಾರಿಗೆಯ ಬಗ್ಗೆ ಓದಿದವಳು ನಾನು. ಹೊಗೆ ಬಿಡದ ಗಾಡಿ ಹಸಿರೇ ಇರಬೇಕೆಂದು ಮನಸ್ಸೇ ಬಣ್ಣ ಬಳಿದಿರಲೂ ಸಾಕು. ಆದರೆ ಆ ಎರಡು ಬೆಳಗುಗಳಲ್ಲಿ ನನ್ನ ಎದೆ ಹೊಡೆದುಕೊಂಡದ್ದು ಕಲ್ಪನೆಯಲ್ಲ.

ನನ್ನ ಸೋದರಮಾವನದು ಬೆಂಗಳೂರಿನ ರಸೆಲ್ ಮಾರುಕಟ್ಟೆಯಲ್ಲಿ ಹೂವಿನ ಅಂಗಡಿ. ಪಕ್ಕದ್ದು ಹಣ್ಣಿನ ಅಂಗಡಿ. ಅದರ ಯಜಮಾನರನ್ನು ನಾವೆಲ್ಲ ಭಾಯ್ ಎಂದೇ ಕರೆಯುವುದು. ಇಬ್ಬರಿಗೂ ಒಂದೊಂದು ಹಳೆಯ ಡೀಸೆಲ್ ಟೆಂಪೊ. ದಿನಾ ಬೆಳಿಗ್ಗೆ ಎರಡೂ ಅರ್ಧ ಖಾಲಿಯಾಗಿ, ಒಂದರ ಹೊಗೆಯನ್ನು ಇನ್ನೊಂದು ಕುಡಿಯುತ್ತ, ದಾರಿಯ ಗಿರಾಕಿಗಳಿಗೆ ಸಾಮಾನು ಇಳಿಸುತ್ತ, ಹಲಸೂರು, ಇಂದಿರಾನಗರ ದಾಟಿ ಟಿನ್ ಫ್ಯಾಕ್ಟರಿ ಜಂಕ್ಷನ್‌ವರೆಗೆ ಹೋಗುತ್ತಿದ್ದವು. ಇಬ್ಬರಿಗೂ ಒಂದೇ ಗಾಡಿ ಸಾಲದೇ ಎಂದು ನಾನು ಕೇಳುತ್ತಲೇ ಇದ್ದೆ. ಕೊನೆಗೆ ಮಾಮನ ಟೆಂಪೊ ಮತ್ತೆ ಮತ್ತೆ ದಾರಿಯಲ್ಲಿ ಕೆಟ್ಟು ನಿಂತಾಗ ಇಬ್ಬರೂ ಸೇರಿ ಆ ಎಲೆಕ್ಟ್ರಿಕ್ ಆಟೊ ಬಾಡಿಗೆಗೆ ತಂದರು. ಚಾರ್ಜಿಂಗ್ ಭಾಯ್ ಗೋದಾಮಿನಲ್ಲಿ. ಓಡಿಸುವುದು ಮಾಮನ ಡ್ರೈವರ್.

ಮಾಮನ ಜೀವವೆಲ್ಲ ಹಲಸೂರಿನ ಒಂದು ದೇವಸ್ಥಾನದ ಮೇಲೆ. ತಾತನ ಕಾಲದಿಂದ ಅಲ್ಲಿಯ ಬೆಳಗಿನ ಅಲಂಕಾರಕ್ಕೆ ಹೂವು ನಮ್ಮದೇ. ಟೆಂಪೊ ಕೆಟ್ಟ ದಿನಗಳಲ್ಲಿ ತಡವಾಗಿ ಅರ್ಚಕರು ಆಗಲೇ ಮುನಿಸಿಕೊಂಡಿದ್ದರು.

ಮೊದಲ ದಿನ ನಾನು ಸ್ಕೂಟರಿನಲ್ಲಿ ಆಟೊ ಹಿಂದೆಯೇ ಹೊರಟೆ. ಹೆಚ್ಚು ಸದ್ದಿಲ್ಲದೆ ಅದು ಜಾರಿಕೊಂಡು ಹೋದಾಗ ಮೈ ಜುಮ್ಮೆಂದಿತು. ಹಲಸೂರಿನಲ್ಲಿ ಹಿಂಬಾಗಿಲು ತೆರೆದರೆ ಕಂಡದ್ದು ಬರೀ ಬಾಳೆಗೊನೆ, ಕಿತ್ತಳೆ ಕ್ರೇಟು. ಹೂವಿನ ಬುಟ್ಟಿಗಳು ಅವುಗಳ ಹಿಂದೆ, ತೀರಾ ಒಳಗೆ. ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ: ಯಾವ ಗಾಡಿಯೇ ಆಗಲಿ, ಮೊದಲು ಹತ್ತುವುದು ದೇವರ ಹೂವು. ಟೆಂಪೊದಲ್ಲಿ ಹೂವು ಮಾತ್ರ ಇರುತ್ತಿದ್ದಾಗ, ಮೊದಲು ಹತ್ತಿದ್ದು ಕೊನೆಗೆ ಇಳಿಯುತ್ತದೆ ಎಂದು ಯೋಚಿಸುವ ಅಗತ್ಯವೇ ಬಿದ್ದಿರಲಿಲ್ಲ. ಹಣ್ಣನ್ನೆಲ್ಲ ಫುಟ್‌ಪಾತಿಗೆ ಇಳಿಸಿ ಹೂವು ತೆಗೆಯುವಷ್ಟರಲ್ಲಿ ಅಲಂಕಾರದ ಹೊತ್ತು ಮೀರಿತ್ತು. ಇನ್ನೊಂದು ದಿನ ತಡವಾದರೆ ಬೇರೆ ಅಂಗಡಿ ನೋಡಿಕೊಳ್ಳುತ್ತೇವೆ ಎಂದರು ಅರ್ಚಕರು.

ಮಾರನೆಯ ಬೆಳಿಗ್ಗೆ ಮಾಮ ಬುಟ್ಟಿ ಹಿಡಿದು ಆಟೊಗೆ ಅಡ್ಡ ನಿಂತುಬಿಟ್ಟರು. ಹಣ್ಣು ಮೊದಲು ಹತ್ತಲಿ ಎಂದು ಹಿಂದಿನ ದಿನದಿಂದ ಹೇಳಿ ನಾನು ಸೋತಿದ್ದೆ.

“ನಮ್ಮಪ್ಪ ಬಿಡದೇ ಇದ್ದ ಪದ್ಧತಿ ನಾನು ಬಿಡಲ್ಲ. ಟೆಂಪೊನೇ ರಿಪೇರಿ ಮಾಡಿಸ್ಕೋತೀನಿ,” ಎಂದರು.

ಭಾಯ್ ವಾದಕ್ಕೆ ಹೋಗಲಿಲ್ಲ. ಬುಟ್ಟಿಯಿಂದ ಒಂದು ಮೊಳ ಸೇವಂತಿಗೆ ಎಳೆದುಕೊಂಡರು (ಮಲ್ಲಿಗೆಯೂ ಇರಬಹುದು), ಸಾಮಾನು ತುಂಬುವ ಜಾಗಕ್ಕೆ ಬಗ್ಗಿ ನುಗ್ಗಿ, ತೀರಾ ಒಳಗಿನ ಕಂಬಿಗೆ ಕಟ್ಟಿದರು.

“ಹತ್ತಾಯ್ತು ನೋಡಣ್ಣ ಹೂವು, ಎಲ್ಲಕ್ಕಿಂತ ಮೊದ್ಲು. ಈಗ ನನ್ನ ಬಾಳೆಹಣ್ಣು ಹತ್ಲಿ. ಉಳಿದ ಹೂವು ಮಹಾರಾಣಿ ಥರ ಕೊನೇಲಿ ಬರ್ಲಿ, ಮೊದ್ಲು ಇಳೀಲಿ.”

ಮಾಮ ಬುಟ್ಟಿ ಕೆಳಗಿಟ್ಟರು. ಆಮೇಲೆ, “ಗಂಟು ಸಡಿಲ ಕಟ್ಟಿದೀಯ ಭಾಯ್,” ಎಂದು ತಾವೇ ಒಳಗೆ ಬಗ್ಗಿ ಹೋಗಿ ಬಿಗಿ ಮಾಡಿದರು.

ಹಲಸೂರಿನವರೆಗೆ ಮತ್ತೆ ಆಟೊ ಹಿಂದೆಯೇ ಹೋದೆ. ಬಾಗಿಲು ತೆರೆದದ್ದೇ ಬುಟ್ಟಿಗಳು ಕೈಗೆ ಬಂದವು. ಅರ್ಚಕರು ಅವನ್ನು ನೇರ ಅಲಂಕಾರಕ್ಕೆ ಒಳಗೆ ತೆಗೆದುಕೊಂಡು ಹೋದರು. ಬೀದಿಯಲ್ಲೇ ಕುಣಿಯಬೇಕೆನಿಸಿತು. ಆಫೀಸು ಮರೆತು ಟಿನ್ ಫ್ಯಾಕ್ಟರಿವರೆಗೂ ಹಿಂಬಾಲಿಸಿದೆ. ವಾಪಸ್ ಬರುವಾಗ ಹಣ್ಣಿನ ಖಾಲಿ ಕ್ರೇಟುಗಳೊಳಗೆ ನಮ್ಮ ಖಾಲಿ ಬುಟ್ಟಿಗಳು ಕೂತಿದ್ದವು.

ಈಗಲೂ ದಿನಾ ಮೊದಲು ಒಂದು ಮೊಳ ಹೂವು, ಆಮೇಲೆ ಹಣ್ಣು, ಕೊನೆಗೆ ಬುಟ್ಟಿಗಳು. ಭಾಯ್ ತಮ್ಮ ಟೆಂಪೊ ಮಾರಿದರು. ಮಾಮನದು ಮನೆ ಮುಂದೆ ಟಾರ್ಪಾಲು ಹೊದ್ದು ನಿಂತಿದೆ. ಆಯುಧಪೂಜೆಗೆ ಅದನ್ನು ತೊಳೆದು ಹೂವು ಮುಡಿಸಿದರು. ಅಂದೇ ಮಾಮನನ್ನು ಒಂದು ಪ್ರಶ್ನೆ ಕೇಳಿದೆ. ಕಾಫಿ ಕುಡಿದೆಯಾ ಎಂದು ಮಾತು ತಿರುಗಿಸಿ, ಮತ್ತೆ ಟಾರ್ಪಾಲು ಹೊದಿಸಿದರು. ನಾನು ಕೇಳಿದ್ದು ಇಷ್ಟೇ:

“ಮಾಮಾ, ನಿಮ್ಮನ್ನ ನಂಬಿ ಭಾಯ್ ಅವ್ರದನ್ನ ಮಾರ್ಬಿಟ್ರು. ನೀವ್ಯಾಕೆ ಇದನ್ನ ಇನ್ನೂ ಇಟ್ಕೊಂಡಿದ್ದೀರಾ?”