ಅವ್ವನ ಕೈಗುಣ

ಯಲಬುರ್ಗಾ ಕಡೆಯ ನಮ್ಮೂರಿನಲ್ಲಿ ಬಿತ್ತುವ ಮುನ್ನ ಹೆಂಗಸರು ಅವ್ವನಿಂದ ಸಜ್ಜೆಯ ಬೀಜ ಇಸಿದುಕೊಂಡು ಹೋಗುತ್ತಿದ್ದರು. ಅವಳ ಕೈಗುಣ ಒಳ್ಳೆಯದೆಂದು ಎಲ್ಲರ ನಂಬಿಕೆ.

ನಾನು ಬೀಜ ವಿತರಣಾ ಕೇಂದ್ರದಲ್ಲಿ ಕೆಲಸಕ್ಕಿದ್ದೆ. ಒಂದು ವರ್ಷ ನಮ್ಮ ಹೊಲಕ್ಕೆ ನಾನೇ ಹೈಬ್ರಿಡ್ ಬೀಜ ತಂದುಕೊಟ್ಟೆ. ತೆನೆ ಗೇಣುದ್ದ ಬಂದವು. ಅವ್ವ ಹಿಗ್ಗಿ, ದಪ್ಪ ತೆನೆಗಳನ್ನೇ ಆರಿಸಿ, ಕಾಳಿಗೆ ಬೂದಿ, ಬೇವಿನ ಸೊಪ್ಪು ಬೆರೆಸಿ ಬೀಜಕ್ಕೆಂದು ಗಡಿಗೆಯಲ್ಲಿಟ್ಟಳು. ಹೈಬ್ರಿಡ್ ಕಾಳನ್ನು ಮತ್ತೆ ಬಿತ್ತಿದರೆ ಮೊದಲಿನಂತೆ ಬೆಳೆಯದು ಎಂದು ರೈತರಿಗೆಲ್ಲ ದಿನವೂ ಹೇಳುತ್ತಿದ್ದವನು ನಾನು. ಅವಳು ಬೂದಿ ಬೆರೆಸುವಾಗ ಎದುರಿಗೇ ಕೂತು ಉಣ್ಣುತ್ತಿದ್ದೆ. ಅವ್ವನಿಗೇ ಬೀಜದ ಪಾಠ ಹೇಳುವುದೇ ಎಂದು ಸುಮ್ಮನಾದೆ. ನನ್ನ ಬಾಯಿಗೇನು ಬಡಿದಿತ್ತೋ!

ಮುಂದಿನ ಮುಂಗಾರಿಗೆ ಆ ಬೀಜ ಒಯ್ದವರ ಹೊಲದಲ್ಲೆಲ್ಲ ಒಂದು ದಂಟು ಮೊಣಕಾಲೆತ್ತರ, ಇನ್ನೊಂದು ಎದೆಯೆತ್ತರ. ತೆನೆ ಅರ್ಧ ಜೊಳ್ಳು. ಯಾರೂ ಬೈಯಲಿಲ್ಲ. ಮರುವರ್ಷ ಯಾರೂ ಬರಲೂ ಇಲ್ಲ.

"ನನ್ನ ಕೈಗುಣ ಹೋತು ನೋಡಪಾ," ಎಂದಳು ಅವ್ವ.

"ಇಲ್ಲಬೇ ಅವ್ವಾ, ಆ ಬೀಜದ ಗುಣನ ಹಂಗೈತಿ. ಹೇಳದ ಇದ್ದದ್ದು ನನ್ನ ತಪ್ಪು."

"ಅದ ಬೀಜ ನೀ ಕೊಟ್ಟಾಗ ಛಲೋ ಬಂದಿತ್ತಲ್ಲ?"

ಸಾಯುವವರೆಗೂ ಅವಳು ಮತ್ತೆ ಬೀಜ ಮುಟ್ಟಲಿಲ್ಲ. ಹಿತ್ತಲಲ್ಲಿ ಹೀರೆಬೀಜ ಊರುವುದಿದ್ದರೂ ತಾನು ದೂರ ನಿಂತು, "ನೀನ ಊರಪಾ, ನಿನ್ನ ಕೈಗುಣ ಛಲೋ ಐತಿ" ಎನ್ನುತ್ತಿದ್ದಳು.