ಮಾವನವರ ಹಲ್ಲು, ಕಂಪನಿಯ ಫೋರ್ಕು

ಸ್ವಂತ ಹಲ್ಲಿನ ವಿಷಯದಲ್ಲಿ ನಾನು ಅಷ್ಟೇನೂ ಜಾಗರೂಕನಲ್ಲ. ರಾತ್ರಿ ಉಜ್ಜಲು ಸೋಮಾರಿತನ, ಬೆಳಿಗ್ಗೆ ಉಜ್ಜಲು ಅವಸರ. ಆದರೆ ಬನಶಂಕರಿಯಲ್ಲಿದ್ದ ದಿನಗಳಲ್ಲಿ ನಮ್ಮ ಮಾವನವರ ಹಲ್ಲಿಗಾಗಿ ನಾನು ಪಟ್ಟ ಪಾಡನ್ನು ಯಾವ ದಂತವೈದ್ಯನೂ ಪಟ್ಟಿರಲಾರ.

ಆಗ ಹೊಸ ಶತಮಾನ ಹುಟ್ಟಿದ ಹೊಸತು. ಮಾವನವರು, ಎಂದರೆ ನನ್ನ ಹೆಂಡತಿಯ ತಂದೆ, ನಿವೃತ್ತರಾಗಿ ನಮ್ಮ ಜೊತೆಗೇ ಇದ್ದರು. ಎಪ್ಪತ್ತರ ಹತ್ತಿರ ಬಂದರೂ ಬಾಯಲ್ಲಿ ಒಂದು ಹಲ್ಲೂ ಅಲ್ಲಾಡಿರಲಿಲ್ಲ. ಯಾರಾದರೂ ಮನೆಗೆ ಬಂದರೆ ಸಾಕು, ಗಟ್ಟಿ ಕೋಡುಬಳೆ ತರಿಸಿಕೊಂಡು ಕರಕರ ಅಗಿದು ತೋರಿಸುತ್ತಿದ್ದರು. ಅವರ ಇನ್ನೊಂದು ಹೆಮ್ಮೆ ಗೇರ್ ಸೈಕಲ್. ಹೊಟ್ಟೆ ಕರಗಿಸಲೆಂದು ನಾನು ಕೊಂಡದ್ದು; ಹೊಟ್ಟೆ ನನ್ನಲ್ಲೇ ಉಳಿಯಿತು, ಸೈಕಲ್ ಅವರ ಪಾಲಾಯಿತು. ದಿನಾ ಬೆಳಿಗ್ಗೆ ಅದನ್ನೇರಿ ಪದ್ಮನಾಭನಗರಕ್ಕೆ ಕರಿಬೇವು ತರಲು ಹೋಗುತ್ತಿದ್ದರು. ಮನೆಯ ಮುಂದೆಯೇ ಕರಿಬೇವಿನ ಗಿಡ ಇತ್ತು, ಆ ಮಾತು ಬೇರೆ.

ಹೀಗಿರುವಾಗ ಒಂದು ದಿನ ಪತ್ರಿಕೆಯಲ್ಲಿ ಸೈಕಲ್ ಕಂಪನಿಯ ಪ್ರಕಟಣೆ ಬಂತು. ಮುಂದಿನ ಚಕ್ರವನ್ನು ಹಿಡಿದುಕೊಂಡಿರುವ ಫೋರ್ಕು ಕೆಲವು ಸೈಕಲ್‌ಗಳಲ್ಲಿ ಬಿರುಕು ಬಿಡಬಹುದು. ಪೆಡಲ್ಲಿನ ಹತ್ತಿರ ಅಡಿಯಲ್ಲಿ ಕೊರೆದ ನಂಬರ್ ನೋಡಿಕೊಳ್ಳಿ. ನಿಮ್ಮದೂ ಇಲ್ಲಿ ಕೊಟ್ಟಿರುವ ನಂಬರ್‌ಗಳ ಸಾಲಿನದಾದರೆ ತುಳಿಯುವುದನ್ನು ಕೂಡಲೇ ನಿಲ್ಲಿಸಿ, ವೆಲ್ಡಿಂಗ್ ಗಿಲ್ಡಿಂಗ್ ಮಾಡಿಸದೆ ಅಂಗಡಿಗೆ ತನ್ನಿ, ಹೊಸದು ಉಚಿತ. ನಾನು ಸೈಕಲನ್ನು ತಲೆಕೆಳಗು ಮಾಡಿ ನೋಡಿದೆ. ನಮ್ಮದೂ ಅದೇ ಸಾಲಿನದು. ಪದ್ಮನಾಭನಗರದ ಇಳಿಜಾರು, ಅದರ ಬುಡದ ರೋಡ್ ಹಂಪು, ಮಾವನವರ ಹಲ್ಲು ಮೂರೂ ಒಟ್ಟಿಗೆ ಕಣ್ಣ ಮುಂದೆ ಬಂದವು.

ಮಾವನವರು ಪ್ರಕಟಣೆಯನ್ನು ಎರಡು ಸಲ ಓದಿ ನಕ್ಕರು. "ಅಳಿಯಂದ್ರೇ, ಕೊಟ್ಟಿದ್ದನ್ನ ವಾಪಸ್ ಕೇಳ್ತಾರೆ ಅಂದ್ರೆ ಏನರ್ಥ? ಒಳ್ಳೇ ಕಬ್ಬಿಣಾನ ತಪ್ಪಿ ನಮಗೆ ಕೊಟ್ಬಿಟ್ಟಿದ್ದಾರೆ."

ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ನಮ್ಮ ಬೀದಿಯ ಸ್ಟೀಲ್ ಡಬ್ಬಿಗಳ ವ್ಯವಹಾರವನ್ನೇ ನೋಡಿ. ಹಬ್ಬದ ದಿನ ಪಕ್ಕದ ಮನೆಯಿಂದ ಆಂಬೊಡೆ ತುಂಬಿಕೊಂಡು ಬಂದ ಡಬ್ಬಿ ಹೊಸದಾಗಿದ್ದರೆ, ಆಂಬೊಡೆ ಮುಗಿಯುವ ಮೊದಲೇ ಅದರ ವಿಚಾರಣೆ ಬರುತ್ತದೆ. ನೆಗ್ಗಿದ ಡಬ್ಬಿಯನ್ನು ಯಾರೂ ಕೇಳಿಕೊಂಡು ಬಂದದ್ದಿಲ್ಲ. ಅದು ನಮ್ಮಲ್ಲೇ ಸಾಸಿವೆ ತುಂಬಿಕೊಂಡು ಮುಪ್ಪಾಗುತ್ತದೆ. ಕೆಟ್ಟದ್ದನ್ನೂ ವಾಪಸ್ ಕೇಳುವವರಿದ್ದಾರೆ ಎಂಬುದಕ್ಕೆ ನಮ್ಮ ಬೀದಿಯಲ್ಲಿ ಒಂದು ಪುರಾವೆಯೂ ಇರಲಿಲ್ಲ.

ಅಂಗಡಿಗೆ ಒಯ್ಯಲು ಅವರು ಒಪ್ಪಲಿಲ್ಲ. ಬದಲಿಗೆ ಫೋರ್ಕಿಗೆ ಎಣ್ಣೆ ಹಚ್ಚಿ ಒರೆಸಿ, ಕಳ್ಳರ ಭಯಕ್ಕೆ ಇನ್ನೊಂದು ಬೀಗ ಹಾಕಿದರು. ನಾನು ಕದ್ದು ಟೈರಿನ ಗಾಳಿ ಬಿಟ್ಟೆ. ಅವರು ಪಂಪು ತಂದು ತುಂಬಿಸಿದರು. ನನ್ನ ಹೆಂಡತಿ "ಅಪ್ಪಂಗೇನಾದ್ರೂ ಆದ್ರೆ ನೋಡಿ" ಎಂದಷ್ಟೇ ಹೇಳಿ ಒಗ್ಗರಣೆ ಹಾಕಿದಳು. ಬೆಳಿಗ್ಗೆ ಅವರು ಗೇಟು ದಾಟಿದರೆ ತಿರುಗಿ ಬರುವವರೆಗೆ ನನಗೆ ಕಾಫಿ ಇಳಿಯುತ್ತಿರಲಿಲ್ಲ. ನಿಜವಾಗಿಯೂ ಹೆದರಿದ್ದೆ. ಎಷ್ಟೇ ಮೊಂಡರಾದರೂ ನನಗೆ ಅವರ ಮೇಲೆ ಪ್ರೀತಿಯಿತ್ತು.

ಕೊನೆಗೆ ಬುದ್ಧಿ ಹೇಳುವುದನ್ನು ಬಿಟ್ಟು ಅವರದೇ ದಾರಿ ಹಿಡಿದೆ. ಎದುರು ಮನೆಯ ಮೂರ್ತಿಗಳ ಹತ್ತಿರವೂ ಅದೇ ಸೈಕಲ್ ಇತ್ತು. ಅವರು ಆಗಲೇ ಫೋರ್ಕು ಬದಲಾಯಿಸಿಕೊಂಡು ಬಂದಿದ್ದರು. "ಮಾವ, ಮೂರ್ತಿಗಳಿಗೆ ಕೊಟ್ಟಿರೋದು ನಿಮ್ಮದಕ್ಕಿಂತ ದಪ್ಪ ಇದೆ" ಎಂದು ಪತ್ರಿಕೆಯಿಂದ ತಲೆಯೆತ್ತದೆ ಹೇಳಿದೆ. ಮರುದಿನ ಜಯನಗರದ ಅಂಗಡಿಯ ಷಟರ್ ಏಳುವ ಮೊದಲೇ ಮಾವನವರು ಅಲ್ಲಿದ್ದರು. ಸೈಕಲ್ ತಳ್ಳಿಕೊಂಡು ಹಿಂದೆ ನಾನು. ದಾರಿಯುದ್ದಕ್ಕೂ ಪಂಕ್ಚರಾ ಸಾರ್ ಎಂದು ಕೇಳದವರಿಲ್ಲ.

ಮೆಕಾನಿಕ್ ಹಳೆಯ ಫೋರ್ಕು ಬಿಚ್ಚಿ, ಬಟ್ಟೆಯಲ್ಲಿ ಒರೆಸಿ, ಅದರ ಕತ್ತಿನ ಹತ್ತಿರ ಬೆರಳಿಟ್ಟು ತೋರಿಸಿದ. ಕೂದಲೆಳೆಯಂಥ ಬಿರುಕು ಅರ್ಧ ಸುತ್ತು ಬಂದಿತ್ತು. ಮಾವನವರು ಕನ್ನಡಕ ಏರಿಸಿ ನೋಡಿದರು, ಉಗುರಿನಿಂದ ಕೆರೆದು ನೋಡಿದರು. ಹೊಸ ಫೋರ್ಕು ಹಾಕಿಸಿಕೊಂಡು ಮನೆಗೆ ಬರುವವರೆಗೂ ಮಾತಿಲ್ಲ. ಒಂದು ಸಲವಾದರೂ ಗೆದ್ದೆನಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದೆ.

ಕೋಡುಬಳೆಯ ಡಬ್ಬಿ ತೆಗೆದು ಕೂತ ಮೇಲೆ ಅವರು ಬಾಯಿ ಬಿಟ್ಟರು. "ನೋಡಿದ್ರಾ ಅಳಿಯಂದ್ರೇ? ಅಷ್ಟು ಬಿರುಕು ಬಿಟ್ರೂ ನನ್ನನ್ನ ಬೀಳಿಸ್ಲಿಲ್ಲ. ನಾನು ಅವತ್ತೇ ಹೇಳ್ಲಿಲ್ವಾ, ಒಳ್ಳೇ ಕಬ್ಬಿಣ ಅಂತ."

ನಾನು ಕಾಫಿಯ ಲೋಟ ಕೈಗೆತ್ತಿಕೊಂಡೆ. ಎದುರಿಗೆ ಕೋಡುಬಳೆ ಕರಕರ ಎನ್ನುತ್ತಿತ್ತು. ವಾದದಲ್ಲಿ ಸೋತವನಿಗೆ ಅಷ್ಟು ರುಚಿಯಾದ ಕಾಫಿ ಎಂದೂ ಸಿಕ್ಕಿರಲಿಕ್ಕಿಲ್ಲ.